ಕಸದ ಬುಟ್ಟಿಗೂ ಒಂದು ಲೆಕ್ಕ: ಮನೆಖರ್ಚು ಮತ್ತು ಮಿತವ್ಯಯ

ಕುಟುಂಬವೊಂದರ ಆದಾಯದಲ್ಲಿ ಆಹಾರಕ್ಕೆ ಹೋಗುವ ಪಾಲು ಎಷ್ಟು ಎಂಬುದು ಆ ಕುಟುಂಬದ ಆರ್ಥಿಕ ಸ್ಥಿತಿಯನ್ನು ತಿಳಿಯುವ ಹಳೆಯ ಅಳತೆಗೋಲುಗಳಲ್ಲಿ ಒಂದು. ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಎರ್ನ್ಸ್ಟ್ ಎಂಗೆಲ್ 1857ರಲ್ಲಿ ಬೆಲ್ಜಿಯಂ ದೇಶದ ಕುಟುಂಬಗಳ ಖರ್ಚಿನ ಲೆಕ್ಕಗಳನ್ನು ಪರಿಶೀಲಿಸಿ, ಆದಾಯ ಹೆಚ್ಚಿದಂತೆ ಆಹಾರಕ್ಕೆ ತಗಲುವ ಹಣ ಹೆಚ್ಚಿದರೂ ಒಟ್ಟು ಖರ್ಚಿನಲ್ಲಿ ಅದರ ಪಾಲು ಇಳಿಯುತ್ತದೆ ಎಂಬ ನಿಯಮವನ್ನು ಮಂಡಿಸಿದನು. ಭಾರತದಲ್ಲಿ ಈ ಪಾಲು ಇಂದಿಗೂ ದೊಡ್ಡದಾಗಿಯೇ ಉಳಿದಿದೆ. ಕೇಂದ್ರ ಸರ್ಕಾರದ 2023–24ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಒಬ್ಬ ವ್ಯಕ್ತಿಯ ಸರಾಸರಿ ಮಾಸಿಕ ಖರ್ಚು ಗ್ರಾಮಾಂತರದಲ್ಲಿ 4,122 ರೂಪಾಯಿ, ನಗರದಲ್ಲಿ 6,996 ರೂಪಾಯಿ ಇದ್ದು, ಇದರಲ್ಲಿ ಆಹಾರದ ಪಾಲು ಕ್ರಮವಾಗಿ ಶೇ. 47 ಮತ್ತು ಶೇ. 40ರ ಸಮೀಪದಲ್ಲಿದೆ.

ಮನೆಯ ಆಯವ್ಯಯದ ಬಗ್ಗೆ ಈಚೆಗೆ ಹೆಚ್ಚು ಪ್ರಚಾರದಲ್ಲಿರುವ ಸೂತ್ರವೆಂದರೆ ಅಗತ್ಯಕ್ಕೆ ಶೇ. 50, ಇಷ್ಟಕ್ಕೆ ಶೇ. 30, ಉಳಿತಾಯಕ್ಕೆ ಶೇ. 20 ಎಂಬ ಹಂಚಿಕೆ. ಎಲಿಜಬೆತ್ ವಾರೆನ್ ಮತ್ತು ಅವರ ಮಗಳು ಅಮೀಲಿಯಾ ವಾರೆನ್ ತ್ಯಾಗಿ 2005ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಹೆಸರಾದ ಈ ಸೂತ್ರವು ಅಮೆರಿಕದ ಮಧ್ಯಮ ವರ್ಗವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ್ದು. ಆಹಾರವೊಂದೇ ಖರ್ಚಿನ ಐದರಲ್ಲಿ ಎರಡು ಪಾಲನ್ನು ತೆಗೆದುಕೊಳ್ಳುವ ಮನೆಗೆ, ಅದರ ಮೇಲೆ ಬಾಡಿಗೆ, ಶಾಲಾ ಶುಲ್ಕ ಮತ್ತು ಔಷಧಿಯ ಖರ್ಚು ಬಂದರೆ, ಆ ಅಂಕಿಗಳು ಹೊಂದಿಕೊಳ್ಳುವುದಿಲ್ಲ. ಬಾಡಿಗೆ, ಸಾಲದ ಕಂತು, ಶುಲ್ಕಗಳನ್ನು ತಿಂಗಳ ನಡುವೆ ಇಳಿಸಲಾಗದು. ಕೈಯಳತೆಯಲ್ಲಿರುವ ದೊಡ್ಡ ಬಾಬತ್ತು ಅಡುಗೆಮನೆಯದೊಂದೇ. ಆದ್ದರಿಂದ ಇಲ್ಲಿನ ಮನೆಗಳಲ್ಲಿ ಮಿತವ್ಯಯದ ವಿಚಾರವು ತ್ಯಾಜ್ಯದ ವಿಚಾರದಿಂದ ಬೇರೆಯಲ್ಲ. ಕಸದ ಬುಟ್ಟಿಗೆ ಬೀಳುವ ಪ್ರತಿಯೊಂದು ವಸ್ತುವಿಗೂ ಆ ಮನೆಯವರು ಈಗಾಗಲೇ ಹಣ ತೆತ್ತಿರುತ್ತಾರೆ.

ಖರ್ಚಿನ ಮೂರು ಬಗೆ

ಲೆಕ್ಕ ಬರೆಯುವುದೆಂದರೆ ಖರ್ಚಾದ ಮೇಲೆ ಅಂಕಿಗಳನ್ನು ಕೂಡುವುದಷ್ಟೇ ಅಲ್ಲ, ಖರ್ಚನ್ನು ಅದರ ಸ್ವಭಾವಕ್ಕೆ ತಕ್ಕಂತೆ ವಿಂಗಡಿಸುವುದು. ಮೊದಲನೆಯದು ಖಾಯಂ ಖರ್ಚು: ಬಾಡಿಗೆ, ಕಂತು, ವಿಮೆ, ಕೇಬಲ್ ಅಥವಾ ಇಂಟರ್ನೆಟ್ ಶುಲ್ಕದಂತೆ ಪ್ರತಿ ತಿಂಗಳೂ ಒಂದೇ ಮೊತ್ತದಲ್ಲಿ ಬರುವಂಥದ್ದು. ಎರಡನೆಯದು ಏರಿಳಿಯುವ ಖರ್ಚು: ದಿನಸಿ, ತರಕಾರಿ, ಹಾಲು, ಪೆಟ್ರೋಲ್, ಹೊರಗಿನ ತಿಂಡಿ. ಮೂರನೆಯದು ವರ್ಷದಲ್ಲಿ ಒಂದೆರಡು ಬಾರಿ ಮಾತ್ರ ಎದುರಾಗುವ ಖರ್ಚು: ಜೂನ್ ತಿಂಗಳ ಪಠ್ಯಪುಸ್ತಕ ಮತ್ತು ಸಮವಸ್ತ್ರ, ಗೌರಿ ಗಣೇಶ ಹಬ್ಬ ಹಾಗೂ ದೀಪಾವಳಿ, ವಾಹನದ ವಿಮೆ, ಆಸ್ತಿ ತೆರಿಗೆ, ನೆಂಟರ ಮನೆಯ ಮದುವೆಯ ಮುಯ್ಯಿ.

ಹೆಚ್ಚಿನ ಮನೆಗಳ ಲೆಕ್ಕ ತಪ್ಪುವುದು ಈ ಮೂರನೆಯ ಬಗೆಯಲ್ಲಿ. ಇವು ಅನಿರೀಕ್ಷಿತವೆಂದು ತೋರಿದರೂ ಬರುವ ತಿಂಗಳು ಮೊದಲೇ ಗೊತ್ತಿರುತ್ತದೆ. ವರ್ಷಕ್ಕೆ ಇಂಥ ಖರ್ಚು 36,000 ರೂಪಾಯಿ ಆಗುವುದಾದರೆ ತಿಂಗಳಿಗೆ 3,000 ರೂಪಾಯಿಯನ್ನು ಬೇರೆಯಾಗಿ ಎತ್ತಿಟ್ಟರೆ ಹಬ್ಬದ ತಿಂಗಳಿನಲ್ಲಿ ಕೈಸಾಲ ಮಾಡಬೇಕಾಗಿಲ್ಲ. ಕ್ರೆಡಿಟ್ ಕಾರ್ಡಿನ ಬಾಕಿಯ ಮೇಲೆ ತಿಂಗಳಿಗೆ ಶೇ. 3ರಂತೆ ಬಡ್ಡಿ ಬಿದ್ದರೆ ಸರಳ ಲೆಕ್ಕದಲ್ಲಿಯೇ ಅದು ವರ್ಷಕ್ಕೆ ಶೇ. 36 ಆಗುತ್ತದೆ. ಯಾವ ಠೇವಣಿಯ ಬಡ್ಡಿಯೂ ಈ ನಷ್ಟವನ್ನು ತುಂಬಿಕೊಡಲಾರದಾದ್ದರಿಂದ, ಉಳಿತಾಯಕ್ಕೆ ಮುನ್ನ ಇಂಥ ಸಾಲವನ್ನು ತೀರಿಸುವುದೇ ಲಾಭಕರ.

ಮೊಬೈಲ್ ಮೂಲಕ ಹಣ ಪಾವತಿಸುವ ಯುಪಿಐ ವ್ಯವಸ್ಥೆಯು 2016ರಲ್ಲಿ ಬಂದ ಮೇಲೆ ಸಣ್ಣ ಖರ್ಚುಗಳ ಅರಿವು ಕಡಿಮೆಯಾಗಿದೆ. ಕೈಯಿಂದ ನೋಟು ಹೋದಾಗ ಆಗುತ್ತಿದ್ದ ಎಚ್ಚರ ಪರದೆಯ ಮೇಲೆ ಬೆರಳೊತ್ತುವಾಗ ಆಗುವುದಿಲ್ಲ. ಆದರೆ ಅದೇ ವ್ಯವಸ್ಥೆ ಪ್ರತಿ ಪಾವತಿಯ ದಾಖಲೆಯನ್ನು ಇಟ್ಟಿರುವುದರಿಂದ, ವಾರಕ್ಕೊಮ್ಮೆ ಅದನ್ನು ತೆರೆದು ಮೂರು ಬಗೆಯಾಗಿ ಪುಸ್ತಕಕ್ಕೆ ಇಳಿಸಿಕೊಂಡರೆ ದಿನವೂ ಚೀಟಿ ಬರೆಯುವ ಶ್ರಮ ಉಳಿಯುತ್ತದೆ. ಹಾಗೆ ಬರೆದಾಗ ಅಕ್ಕಿ, ಗೋಧಿ, ರಾಗಿಗಿಂತ ಹೊರಗಿನ ತಿಂಡಿಯ ಮೊತ್ತವೇ ಹೆಚ್ಚಿರುವುದು ಕಂಡುಬಂದರೆ ಆಶ್ಚರ್ಯಪಡಬೇಕಾಗಿಲ್ಲ. 2023–24ರ ಸಮೀಕ್ಷೆಯಲ್ಲೂ ನಗರವಾಸಿಗಳ ಒಟ್ಟು ಖರ್ಚಿನಲ್ಲಿ ಪಾನೀಯ, ಉಪಾಹಾರ ಮತ್ತು ಸಂಸ್ಕರಿತ ಆಹಾರದ ಪಾಲು ಶೇ. 11ರಷ್ಟಿದ್ದು, ಧಾನ್ಯಗಳ ಪಾಲಿನ ಎರಡು ಪಟ್ಟಿಗೂ ಮಿಗಿಲಾಗಿದೆ.

ಅಡುಗೆಮನೆಯ ನಷ್ಟ

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ಆಹಾರ ತ್ಯಾಜ್ಯ ಸೂಚ್ಯಂಕ ವರದಿಯು ಭಾರತದ ಮನೆಗಳಲ್ಲಿ ಒಬ್ಬ ವ್ಯಕ್ತಿಗೆ ವರ್ಷಕ್ಕೆ ಸುಮಾರು 55 ಕಿಲೋಗ್ರಾಂ ಆಹಾರ ತ್ಯಾಜ್ಯವಾಗುತ್ತದೆಂದು ಅಂದಾಜು ಮಾಡಿದೆ. ನಾಲ್ವರ ಕುಟುಂಬಕ್ಕೆ ಇದು ದಿನಕ್ಕೆ 600 ಗ್ರಾಂ ಆಗುತ್ತದೆ. ಈ ಲೆಕ್ಕದಲ್ಲಿ ತಿನ್ನಲು ಬಾರದ ಸಿಪ್ಪೆ, ಗೊರಟೆ, ಮೂಳೆಗಳೂ ಸೇರಿರುವುದರಿಂದ ಎಲ್ಲವೂ ದುಂದು ಎನ್ನಲಾಗದು. ಆದ್ದರಿಂದ ಪ್ರತಿ ಮನೆಯೂ ತನ್ನ ಬುಟ್ಟಿಯನ್ನು ತಾನೇ ಪರೀಕ್ಷಿಸಿಕೊಳ್ಳಬೇಕು: ಎರಡು ವಾರ ಎಸೆದದ್ದನ್ನು ಸಿಪ್ಪೆ, ಕೊಳೆತ ತರಕಾರಿ, ಉಳಿದ ಅಡುಗೆ, ಅವಧಿ ಮೀರಿದ ಪೊಟ್ಟಣ ಎಂಬ ನಾಲ್ಕು ತಲೆಬರಹಗಳಲ್ಲಿ ಬರೆದಿಟ್ಟರೆ ಸೋರಿಕೆ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ಮೊದಲನೆಯದನ್ನು ಬಿಟ್ಟು ಉಳಿದ ಮೂರೂ ತಡೆಯಬಹುದಾದ ನಷ್ಟಗಳು, ಮತ್ತು ಅವುಗಳ ಕಾರಣಗಳು ಒಂದೇ ಅಲ್ಲ.

ತರಕಾರಿ ಕೊಳೆಯುವುದಕ್ಕೆ ಹೆಚ್ಚು ಕೊಂಡದ್ದು ಒಂದು ಕಾರಣವಾದರೆ, ಇಟ್ಟ ಕ್ರಮ ಇನ್ನೊಂದು. ಮಾಗುತ್ತಿರುವ ಬಾಳೆ, ಮಾವು, ಟೊಮೆಟೊಗಳು ಎಥಿಲೀನ್ ಎಂಬ ಅನಿಲವನ್ನು ಹೊರಬಿಡುತ್ತವೆ. ಹಣ್ಣನ್ನು ಮಾಗಿಸುವ ಈ ಅನಿಲವೇ ಪಕ್ಕದಲ್ಲಿರುವ ಸೊಪ್ಪನ್ನು ಹಳದಿಯಾಗಿಸಿ ಬಾಡಿಸುತ್ತದೆ. ಆದ್ದರಿಂದ ಹಣ್ಣು ಮತ್ತು ಸೊಪ್ಪನ್ನು ಬೇರೆ ಬೇರೆ ಇಡಬೇಕು. ಕೊತ್ತಂಬರಿಯ ಬೇರು ಕತ್ತರಿಸಿ, ಒರೆಸಿ, ಬಟ್ಟೆಯಲ್ಲಿ ಸುತ್ತಿಟ್ಟರೆ ಅದು ದಿನಗಟ್ಟಲೆ ತಾಳುತ್ತದೆ. ಆಲೂಗಡ್ಡೆಗೆ ಕತ್ತಲೆ ಬೇಕು, ಈರುಳ್ಳಿಗೆ ಗಾಳಿ ಬೇಕು. ಎರಡನ್ನೂ ಒಂದೇ ಬುಟ್ಟಿಯಲ್ಲಿ ಬೆರೆಸಿಡುವುದು ಸರಿಯಲ್ಲ.

ಪೊಟ್ಟಣಗಳ ವಿಷಯದಲ್ಲಿ ನಷ್ಟಕ್ಕೆ ಕಾರಣವಾಗುವುದು ದಿನಾಂಕಗಳ ಗೊಂದಲ. ‘ಬೆಸ್ಟ್ ಬಿಫೋರ್’ ಎಂಬುದು ರುಚಿ ಮತ್ತು ಗುಣ ಉತ್ತಮ ಮಟ್ಟದಲ್ಲಿರುವ ಅವಧಿಯನ್ನು ಹೇಳುತ್ತದೆ. ಸರಿಯಾಗಿ ಇಟ್ಟ ಪದಾರ್ಥ ಆ ದಿನ ಕಳೆದ ಕೂಡಲೇ ವಿಷವಾಗುವುದಿಲ್ಲ. ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ಎಂಬುದು ಸುರಕ್ಷತೆಗೆ ಸಂಬಂಧಿಸಿದ್ದು, ಅದನ್ನು ಮೀರಿದ್ದನ್ನು ಬಳಸಲೇಬಾರದು. ಪೊಟ್ಟಣದ ಮೇಲೆ ಈಗ ಒಂದು ಗ್ರಾಂ ಅಥವಾ ಒಂದು ಮಿಲಿಲೀಟರಿಗೆ ಬೀಳುವ ಬೆಲೆಯನ್ನೂ ಮುದ್ರಿಸುತ್ತಾರೆ. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗ ಎಂಬ ನಂಬಿಕೆಯನ್ನು ಈ ಅಂಕಿಯಿಂದ ಪರೀಕ್ಷಿಸಬಹುದು. ಅಗ್ಗವೇ ಆಗಿದ್ದರೂ ಕಾಲು ಭಾಗ ಹುಳು ಹಿಡಿದು ಎಸೆಯುವಂತಾದರೆ ಆ ಲಾಭ ಅಲ್ಲಿಗೆ ಮುಗಿಯಿತು.

ಉಳಿದ ಅಡುಗೆಗೆ ಸಮಯವೇ ಮುಖ್ಯ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಬೇಯಿಸಿದ ಮೇಲೂ ಉಳಿದಿರಬಲ್ಲವು. ಅನ್ನವನ್ನು ಗಂಟೆಗಟ್ಟಲೆ ಹೊರಗೆ ಬಿಟ್ಟರೆ ಅವು ಬೆಳೆದು ಉಂಟುಮಾಡುವ ವಿಷವು ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಆದ್ದರಿಂದ ರಾತ್ರಿಯ ಅನ್ನ ಮರುದಿನದ ಚಿತ್ರಾನ್ನವಾಗಬೇಕಾದರೆ ಅದು ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಫ್ರಿಜ್ ಇಲ್ಲದ ಮನೆಯಲ್ಲಿ ಅಳತೆಯಿಟ್ಟು ಕಡಿಮೆ ಅಕ್ಕಿ ಹಾಕುವುದೇ ಮಿತವ್ಯಯ.

ಸಿಪ್ಪೆ, ಬೀಜ, ದಿಂಡು

ತಿನ್ನಲು ಬರುವುದು ಯಾವುದು, ಬಾರದ್ದು ಯಾವುದು ಎಂಬ ಗೆರೆಯನ್ನು ಕರ್ನಾಟಕದ ಅಡುಗೆ ಬಹಳ ದೂರ ಸರಿಸಿಟ್ಟಿದೆ. ಹೀರೇಕಾಯಿಯ ತಿರುಳು ಪಲ್ಯಕ್ಕೆ ಹೋದರೆ ಸಿಪ್ಪೆ ಚಟ್ನಿಯಾಗುತ್ತದೆ. ಕಿತ್ತಳೆ ಸಿಪ್ಪೆ ಗೊಜ್ಜಾಗುತ್ತದೆ. ದಾಳಿಂಬೆಯ ಸಿಪ್ಪೆ ಮಲೆನಾಡಿನಲ್ಲಿ ಮಜ್ಜಿಗೆ ಸೇರಿ ತಂಬುಳಿಯಾಗುತ್ತದೆ. ಕರಾವಳಿಯಲ್ಲಿ ಕಲ್ಲಂಗಡಿಯ ಕೆಂಪು ತಿಂದ ಮೇಲೆ ಉಳಿಯುವ ಬಿಳಿಯ ಭಾಗವನ್ನು ಅಕ್ಕಿಯೊಂದಿಗೆ ರುಬ್ಬಿ ದೋಸೆ ಹೊಯ್ಯುತ್ತಾರೆ, ಹಲಸಿನ ಬೀಜವನ್ನು ಬೇಯಿಸಿ ಒಣಗಿಸಿ ಮಳೆಗಾಲಕ್ಕೆ ಇಡುತ್ತಾರೆ. ಗೊನೆ ಕಡಿದ ಬಾಳೆಯಿಂದ ಹೂವೂ ದಿಂಡೂ ಅಡುಗೆಗೆ, ಎಲೆ ಊಟಕ್ಕೆ, ನಾರು ಹೂಮಾಲೆ ಕಟ್ಟುವುದಕ್ಕೆ ಒದಗುತ್ತವೆ. ಹಳೇ ಮೈಸೂರು ಸೀಮೆಯ ಬಸ್ಸಾರು ಈ ವಿವೇಕಕ್ಕೆ ಒಳ್ಳೆಯ ಉದಾಹರಣೆ: ಕಾಳು ಮತ್ತು ಸೊಪ್ಪನ್ನು ಬೇಯಿಸಿ ಬಸಿದ ನೀರು ಸಾರಾಗುತ್ತದೆ, ಉಳಿದದ್ದು ಪಲ್ಯವಾಗುತ್ತದೆ, ನೀರಿನಲ್ಲಿ ಕರಗಿಹೋಗುವ ಬಿ ಗುಂಪಿನ ಜೀವಸತ್ವಗಳು ಮೋರಿಗೆ ಹೋಗದೆ ತಟ್ಟೆಗೆ ಬರುತ್ತವೆ. ಅಕ್ಕಿ ತೊಳೆದ ನೀರು ಕಲಗಚ್ಚಾಗಿ ದನಗಳ ಬಾನಿಗೆ ಹೋಗುತ್ತಿತ್ತು. ಹರಿದ ಸೀರೆ, ಪಂಚೆಗಳು ಉತ್ತರ ಕರ್ನಾಟಕದಲ್ಲಿ ಪದರ ಪದರವಾಗಿ ಸೇರಿ ಕೌದಿಯಾಗುತ್ತಿದ್ದವು.

ಹಿಂದಿನವರು ಪರಿಸರದ ಸಿದ್ಧಾಂತವನ್ನು ಓದಿ ಇದನ್ನು ಮಾಡಲಿಲ್ಲ. ಕೊರತೆ ಮತ್ತು ಋತುಮಾನ ಅವರಿಗೆ ಇದನ್ನು ಕಲಿಸಿದವು. ನಗರದ ಇಂದಿನ ಮನೆಗೆ ದನದ ಕೊಟ್ಟಿಗೆಯಿಲ್ಲ, ಸಂಡಿಗೆ ಒಣಗಿಸುವಷ್ಟು ಬಿಸಿಲಿನ ಅಂಗಳವೂ ಎಲ್ಲರಿಗಿಲ್ಲ. ಮೇಲಾಗಿ ಸಿಪ್ಪೆಯನ್ನು ಬಳಸುವವರು ಅದರ ಮೇಲೆ ಕೀಟನಾಶಕದ ಶೇಷ ಉಳಿದಿರಬಹುದೆಂಬುದನ್ನು ಗಮನಿಸಿ, ಹರಿಯುವ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಬೇಕಾಗುತ್ತದೆ. ಹೀಗಾಗಿ ಹಳೆಯ ಪದ್ಧತಿಯಿಂದ ಪಡೆಯಬೇಕಾದದ್ದು ಪಾಕವಿಧಾನಕ್ಕಿಂತ ಕ್ರಮ: ಮಾರುಕಟ್ಟೆಗೆ ಹೋಗುವ ಮುನ್ನ ಮನೆಯಲ್ಲಿ ಏನಿದೆ ಎಂದು ನೋಡಿ, ಇರುವುದರಿಂದ ಅಡುಗೆಯನ್ನು ನಿರ್ಧರಿಸುವುದು.

ಇಂಧನ ಮತ್ತು ವಿದ್ಯುತ್

ಗೃಹಬಳಕೆಯ ಅನಿಲ ಸಿಲಿಂಡರಿನಲ್ಲಿ 14.2 ಕಿಲೋಗ್ರಾಂ ಇಂಧನವಿರುತ್ತದೆ. ಕಾಳುಗಳನ್ನು ಹಿಂದಿನ ರಾತ್ರಿಯೇ ನೆನೆಹಾಕುವುದು, ಪಾತ್ರೆಗೆ ಮುಚ್ಚಳ ಹಾಕುವುದು, ಕುದಿ ಬಂದ ಮೇಲೆ ಉರಿ ತಗ್ಗಿಸುವುದು, ಕುಕ್ಕರಿನಲ್ಲಿ ಅನ್ನ ಬೇಳೆಗಳನ್ನು ಒಟ್ಟಿಗೆ ಇಡುವುದು ಇವೆಲ್ಲ ಸಿಲಿಂಡರನ್ನು ಇನ್ನಷ್ಟು ದಿನ ಬರಿಸುತ್ತವೆ. ವಿದ್ಯುತ್ತಿನ ಒಂದು ಯೂನಿಟ್ ಎಂದರೆ ಸಾವಿರ ವ್ಯಾಟ್ ಸಾಮರ್ಥ್ಯದ ಉಪಕರಣ ಒಂದು ಗಂಟೆ ನಡೆದಾಗ ಆಗುವ ಬಳಕೆ. ಈ ಲೆಕ್ಕದಲ್ಲಿ 60 ವ್ಯಾಟ್ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್ ಆಗುತ್ತದೆ, ಅದರ ಬದಲಿಗೆ ಹಾಕಿದ 9 ವ್ಯಾಟ್ ಎಲ್‌ಇಡಿ ಒಂದೂವರೆ ಯೂನಿಟ್ ಕೂಡ ತಿನ್ನುವುದಿಲ್ಲ. ಆದರೆ 2,000 ವ್ಯಾಟ್ ಗೀಸರ್ ದಿನಕ್ಕೆ ಅರ್ಧ ಗಂಟೆ ಕಾದರೆ 30 ಯೂನಿಟ್ ಆಗುವುದರಿಂದ, ಉಳಿತಾಯವನ್ನು ಮೊದಲು ಹುಡುಕಬೇಕಾದದ್ದು ಬಚ್ಚಲುಮನೆಯಲ್ಲಿ. ರಾಜ್ಯದಲ್ಲಿ 2023ರಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆಯಲ್ಲಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುವುದರಿಂದ, ಆ ಗಡಿಯ ಸಮೀಪವಿರುವ ಮನೆಗಳಿಗೆ ಈ 30 ಯೂನಿಟ್ ಸಣ್ಣದಲ್ಲ.

ಕೊನೆಗೂ ಉಳಿಯುವ ಕಸ

ಎಷ್ಟೇ ಜಾಗ್ರತೆ ವಹಿಸಿದರೂ ಮೊಟ್ಟೆಯ ಚಿಪ್ಪು, ಚಹಾದ ಚರಟ, ಮಾವಿನ ಸಿಪ್ಪೆ ಉಳಿದೇ ಉಳಿಯುತ್ತವೆ. ಇವು ಬೇರೆ ಕಸದೊಂದಿಗೆ ಬೆರೆತು ದೊಡ್ಡ ರಾಶಿಯಡಿ ಗಾಳಿಯಿಲ್ಲದೆ ಕೊಳೆತಾಗ ಮೀಥೇನ್ ಹುಟ್ಟುತ್ತದೆ. ನೂರು ವರ್ಷಗಳ ಅವಧಿಯಲ್ಲಿ ಅಳೆದಾಗ ಇದು ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 25 ಪಟ್ಟಿಗೂ ಹೆಚ್ಚು ಪ್ರಬಲ. ಬೆಂಗಳೂರಿನ ಬೆರಕೆ ಕಸವನ್ನು ಹೊತ್ತ ಮಾವಳ್ಳಿಪುರ ಮತ್ತು ಮಂಡೂರಿನ ಜನ ದುರ್ವಾಸನೆ ಮತ್ತು ಕೆಟ್ಟ ನೀರಿನಿಂದ ಬೇಸತ್ತು ಹೋರಾಡಿದ ಮೇಲೆ, ಮೊದಲನೆಯ ಊರಿಗೆ 2012ರಲ್ಲಿ, ಎರಡನೆಯದಕ್ಕೆ 2014ರಲ್ಲಿ ಕಸ ಸುರಿಯುವುದು ನಿಂತಿತು. ಹಸಿ ಕಸ, ಒಣ ಕಸ, ಅಪಾಯಕಾರಿ ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ವಿಧಿಸಿದವು.

ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವುದಕ್ಕೆ ತೂತುಗಳಿರುವ ಮಣ್ಣಿನ ಮಡಕೆ ಅಥವಾ ಹಳೆಯ ಬಕೆಟ್ ಸಾಕು. ಅಡುಗೆಮನೆಯ ಕಸದಲ್ಲಿ ಸಾರಜನಕ ಹೆಚ್ಚು, ಒಣ ಎಲೆ ಮತ್ತು ತೆಂಗಿನ ನಾರಿನ ಪುಡಿಯಲ್ಲಿ ಇಂಗಾಲ ಹೆಚ್ಚು. ಇಂಗಾಲ ಮತ್ತು ಸಾರಜನಕದ ಪ್ರಮಾಣ 30ಕ್ಕೆ 1ರ ಆಸುಪಾಸಿನಲ್ಲಿದ್ದಾಗ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡುತ್ತವೆ. ರೂಢಿಯಲ್ಲಿ ಇದರ ಅರ್ಥವೆಂದರೆ ಪ್ರತಿದಿನದ ಹಸಿ ಕಸದ ಮೇಲೆ ಒಣ ಎಲೆಯ ದಪ್ಪ ಪದರವನ್ನು ಹಾಸುವುದು. ವಾಸನೆ ಬಂದರೆ ನೀರು ಹೆಚ್ಚಾಗಿದೆ ಅಥವಾ ಗಾಳಿ ಸಾಲದಾಗಿದೆ ಎಂದು ತಿಳಿದು ಒಣ ಎಲೆ ಬೆರೆಸಿ ಕೆದಕಬೇಕು.

ಮಿತವ್ಯಯದ ಮಿತಿ

ಮಿತವ್ಯಯಕ್ಕೆ ಒಂದು ಮರೆಮಾಚಿದ ಬೆಲೆಯೂ ಉಂಟು. ಅನೇಕ ಮನೆಗಳಲ್ಲಿ ಎಲ್ಲರ ಊಟವಾದ ಮೇಲೆ ಕೊನೆಗೆ ಕೂರುವ ಹೆಂಗಸು ಹಿಂದಿನ ದಿನದ ಮುದ್ದೆ, ತಳದ ಸಾರು, ಮಕ್ಕಳು ಬಿಟ್ಟ ತುತ್ತನ್ನು ತಿಂದು ಮುಗಿಸುವುದರಿಂದಲೇ ‘ನಮ್ಮಲ್ಲಿ ಏನೂ ಹಾಳಾಗುವುದಿಲ್ಲ’ ಎಂಬ ಹೆಮ್ಮೆ ಉಳಿದಿದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಇದಕ್ಕೆ ಕಾರಣಗಳು ಹಲವು. ಆದರೆ ಇಂಥ ದೇಶದಲ್ಲಿ ಮನೆಯ ಉಳಿತಾಯವನ್ನು ಒಬ್ಬರ ತಟ್ಟೆಯಿಂದ ತೆಗೆಯುವುದನ್ನು ಜಾಣತನವೆನ್ನಲಾಗದು. ಹಾಲು, ಮೊಟ್ಟೆ, ಬೇಳೆ, ಸೊಪ್ಪಿನ ಬಾಬತ್ತನ್ನು ಕಡಿತ ಮಾಡಿದ ಹಣ ಮುಂದೆ ಔಷಧಿ ಅಂಗಡಿಗೆ ಹೋಗುವ ಸಂಭವವಿರುವುದರಿಂದ, ಲೆಕ್ಕದ ಪುಸ್ತಕದಲ್ಲಿಯೂ ಅದನ್ನು ಉಳಿತಾಯವೆಂದು ಬರೆಯುವಂತಿಲ್ಲ.

ಇದೇ ಮಾತು ಶ್ರಮಕ್ಕೂ ಸಲ್ಲುತ್ತದೆ. ಕಾಳು ನೆನೆಹಾಕುವುದು, ಸೊಪ್ಪು ಬಿಡಿಸುವುದು, ಕಸ ಬೇರ್ಪಡಿಸುವುದು, ಮಡಕೆ ಕೆದಕುವುದು, ವಾರದ ಲೆಕ್ಕ ಬರೆಯುವುದು ಇವೆಲ್ಲ ಸಮಯ ಬೇಡುವ ಕೆಲಸಗಳು. ಒಬ್ಬರ ಮೇಲೆಯೇ ಬಿದ್ದಾಗ ಇವು ಕೆಲವು ವಾರಗಳಲ್ಲಿ ನಿಂತುಹೋಗುತ್ತವೆ, ಹಂಚಿಕೊಂಡಾಗ ಅಭ್ಯಾಸವಾಗುತ್ತವೆ. ಆದ್ದರಿಂದ ತಿಂಗಳ ಮೊದಲ ದಿನ ಆಯವ್ಯಯ ಬರೆಯಲು ಕುಳಿತ ಕುಟುಂಬವು ಎಷ್ಟು ಹಣ ಉಳಿಸಬೇಕು ಎಂಬುದರ ಜೊತೆಗೆ, ಅದಕ್ಕೆ ಬೇಕಾದ ಯಾವ ಕೆಲಸ ಯಾರದು ಎಂಬುದನ್ನೂ ಅದೇ ಪುಟದಲ್ಲಿ ಬರೆದುಕೊಳ್ಳುವುದು ಒಳ್ಳೆಯದು.