ಭೂಮಿತಾಯಿಗೆ ಬಯಕೆ ಊಟ

ಸೀಗಿ ಹುಣ್ಣಿಮೆ ಬಂತೆಂದರೆ ರೋಣ, ನರಗುಂದದ ಎರಿ ಹೊಲಗಳಿಗೂ ನನ್ನ ತವರು ಗಜೇಂದ್ರಗಡದ ಮಸಾರಿ ಹೊಲಗಳಿಗೂ ಬುತ್ತಿ ಹೊರಡುತ್ತದೆ. ಪೈರು ಹೊತ್ತ ಭೂಮಿ ಬಸುರಿ, ಅವಳಿಗೆ ಬಯಕೆ ಊಟ! ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆ ಎಣ್ಣೆಗಾಯಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಕಡಬು. ಮೊದಲು ಹೊಲಕ್ಕೆ ಚರಗ, ಆಮೇಲೆ ನಮ್ಮ ಊಟ.

ಈ ಸಲ ಬುತ್ತಿ ಕಟ್ಟುತ್ತಾ, "ಹಸ್ತಿ ಮಳಿ ಛಲೋ ಆತು" ಅಂದೆ. "ಹಸ್ತಿ ಅಂದ್ರ ಆನಿ ಅಲ್ಲೇನವ್ವಾ?" ಎಂದಳು ಒಂಬತ್ತನೇ ಇಯತ್ತೆಯ ಮಗಳು. ನಕ್ಕೆ, ಹಿಂದೆಯೇ ಕಸಿವಿಸಿಯಾಯಿತು. ಉತ್ತರಿ, ಹಸ್ತಿ, ಚಿತ್ತಿ ಎಂದು ಹದಿಮೂರು-ಹದಿನಾಲ್ಕು ದಿನಕ್ಕೊಂದು ಮಳೆ. ಹಿಂಗಾರಿ ಜೋಳ ಬಿತ್ತಲು ನಮ್ಮ ಅತ್ತೆಯವರಿಗೆ ಇದೇ ಪಂಚಾಂಗ. ನಾನು ಮಗಳಿಗೆ ಹೇಳಿಕೊಟ್ಟದ್ದು ಯಾವಾಗ?

ಕಳೆದುಕೊಂಡು ಮತ್ತೆ ಪಡೆದವರೂ ಇದ್ದಾರೆ, ನೋಡಿ. ದೂರದ ಹವಾಯಿ ದ್ವೀಪದವರು ನೆಲಕ್ಕೆ 'ಐನಾ', ಅಂದರೆ ಉಣಿಸುವಂಥದ್ದು, ಅನ್ನುತ್ತಾರೆ. ಅವರ ಮಳೆಗಳಿಗೂ ಊರೂರಿಗೆ ಬೇರೆ ಹೆಸರು. 1896ರಲ್ಲಿ ಆ ಭಾಷೆಯ ಕಲಿಕೆ ಶಾಲೆಗಳಿಂದ ಹೊರಬಿತ್ತು. 1984ರಲ್ಲಿ ಭಾಷೆ ಬಲ್ಲವರು ಶಿಶುವಿಹಾರ ತೆರೆದು ಮಕ್ಕಳ ಬಾಯಿಗೆ ಮರಳಿ ತಂದರು.

ಹೊಲದ ದಾರಿಯುದ್ದಕ್ಕೂ ಮಗಳಿಂದ ಮಳೆಗಳ ಹೆಸರು ಹೇಳಿಸಿದೆ. ರೋಹಿಣಿಯಿಂದ ಚಿತ್ತಿಯ ತನಕ ಬಂದಳು. ಸ್ವಾತಿ, ವಿಶಾಖಿ ಎಳ್ಳ ಅಮಾಸಿ ಚರಗದ ಹೊತ್ತಿಗಂತೆ!