ಒಳಗೊಳಗಿನ ಖಾಲಿ

ಖಾಲಿ ಪಟ್ಟಿಯನ್ನು ಗುರುತಿಸುವುದು ಕಂಪ್ಯೂಟರಿಗೆ ಸುಲಭ. ಖಾಲಿ ಪಟ್ಟಿಗಳನ್ನೇ ತುಂಬಿಕೊಂಡ ಪಟ್ಟಿ ಎದುರಾದಾಗ ತೊಡಕು ಶುರುವಾಗುತ್ತದೆ. ಬಳ್ಳಾರಿ ಜಿಲ್ಲೆಯ ಮಳೆ ಲೆಕ್ಕವನ್ನೇ ತೆಗೆದುಕೊಳ್ಳಬಹುದು. ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದವರೆಗೂ ಮಳೆಮಾಪಕಗಳಿವೆ. ಹಾಗಾಗಿ ಲೆಕ್ಕವೂ ಜಿಲ್ಲೆಯೊಳಗೆ ತಾಲ್ಲೂಕು, ಅದರೊಳಗೆ ಹೋಬಳಿ, ಅದರೊಳಗೆ ಪಂಚಾಯಿತಿ ಎಂದು ಪದರಪದರವಾಗಿ ಕೂರುತ್ತದೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಎಂದು ಮೂರು ಹೆಸರು ಬರೆದು ಒಳಗೆ ಒಂದಂಕಿಯನ್ನೂ ತುಂಬದೆ ಬಿಟ್ಟರೆ ಆ ಕಡತ ಖಾಲಿಯೇ? ನೋಡಿದವರು ಹೌದೆನ್ನುತ್ತಾರೆ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಅಲ್ಲವೆನ್ನುತ್ತದೆ. ಅದು ಎಣಿಸುವುದು ಹೊರಪದರವನ್ನಷ್ಟೇ. ಅಲ್ಲಿ ಮೂರು ಹೆಸರುಗಳಿವೆ. ಜಾವಾಸ್ಕ್ರಿಪ್ಟ್ ಇನ್ನೂ ಧಾರಾಳಿ: ಏನೂ ಇಲ್ಲದ ಪಟ್ಟಿಯನ್ನೂ ಷರತ್ತಿನಲ್ಲಿ ‘ನಿಜ’ ಎಂದೇ ಒಪ್ಪುತ್ತದೆ.

ಪರಿಹಾರ ಒಂದೇ ವಾಕ್ಯದ್ದು: ಒಳಗಿರುವುದೆಲ್ಲ ಖಾಲಿಯಾಗಿದ್ದರೆ ಹೊರಗಿನದೂ ಖಾಲಿ. ಪ್ರೋಗ್ರಾಂ ಈ ಪ್ರಶ್ನೆಯನ್ನು ಪ್ರತಿ ಪದರದಲ್ಲೂ ತನಗೆ ತಾನೇ ಕೇಳಿಕೊಳ್ಳುತ್ತ ಕೆಳಗಿಳಿಯುತ್ತದೆ. ಇದರ ಸೊಗಸು ತಳದಲ್ಲಿದೆ. ತೆಕ್ಕಲಕೋಟೆ ಹೋಬಳಿಯ ಕೆಳಗೆ ಏನೂ ಇಲ್ಲದಿದ್ದರೆ ‘ಇರುವುದೆಲ್ಲ ಖಾಲಿ’ ಎಂಬ ಮಾತನ್ನು ಸುಳ್ಳಾಗಿಸಲು ಅಲ್ಲಿ ಯಾವ ಅಂಶವೂ ಇಲ್ಲ, ಆದ್ದರಿಂದ ಅದು ನಿಜ. ತಳಕ್ಕೆಂದು ಬೇರೆ ನಿಯಮ ಬರೆಯಬೇಕಿಲ್ಲ.

ಪ್ರೋಗ್ರಾಮರುಗಳಲ್ಲಿ ಬೇರೂರಿದ ಒಂದು ಮೂಢನಂಬಿಕೆಯೆಂದರೆ ಸೊನ್ನೆಯೂ ಖಾಲಿಯೂ ಒಂದೇ ಎಂಬುದು. ಪೈಥಾನ್ 0 ಮತ್ತು ಖಾಲಿ ಪಟ್ಟಿ ಎರಡನ್ನೂ ‘ಸುಳ್ಳು’ ಎಂದೇ ನೋಡುವುದರಿಂದ ಈ ನಂಬಿಕೆಗೆ ಗೊಬ್ಬರ ಸಿಕ್ಕಿದೆ. ಆದರೆ 0 ಮಿ.ಮೀ. ಎಂಬುದು ಒಂದು ಅಳತೆ: ಮಾಪಕ ಕೆಲಸ ಮಾಡುತ್ತಿತ್ತು, ಮಳೆ ಬರಲಿಲ್ಲ. ಖಾಲಿ ಜಾಗ ಹೇಳುವುದೇ ಬೇರೆ, ವರದಿ ಬಂದಿಲ್ಲ ಎಂದು. ಮಳೆನೆರಳಿನ ಬಳ್ಳಾರಿಯಲ್ಲಿ ವರ್ಷದ ಹೆಚ್ಚಿನ ದಿನಗಳ ಲೆಕ್ಕ ಸೊನ್ನೆಯೇ. ಅವನ್ನೆಲ್ಲ ಖಾಲಿಯೆಂದು ಕೈಬಿಟ್ಟರೆ ಉಳಿಯುವುದು ಮಳೆ ಬಂದ ದಿನಗಳು ಮಾತ್ರ. ಅವುಗಳ ಸರಾಸರಿಯಲ್ಲಿ ಬರಗಾಲವೇ ಮಾಯವಾಗಿ ಕಾಗದದ ಮೇಲೆ ಮಲೆನಾಡು ಮೂಡುತ್ತದೆ! ಯಾವುದು ಖಾಲಿ ಎಂಬುದನ್ನು ಭಾಷೆಗೆ ಬಿಡದೆ ದತ್ತಾಂಶ ಬಲ್ಲವರೇ ತೀರ್ಮಾನಿಸಬೇಕು.

ಪದಗಳದು ಇನ್ನೊಂದು ಬಗೆಯ ಮೋಸ. ಪೈಥಾನಿನಲ್ಲಿ ಪದವನ್ನೂ ಪಟ್ಟಿಯಂತೆ ಬಿಡಿಸಬಹುದು. ಅಂಕಿಯ ಜಾಗದಲ್ಲಿ ಯಾರೋ ‘ದುರಸ್ತಿ’ ಎಂದು ಬರೆದಿದ್ದರೆ ಅದರ ಮೊದಲ ತುಣುಕು ‘ದ’. ಅದನ್ನು ಬಿಡಿಸಿದರೂ ‘ದ’, ಮತ್ತೆ ಬಿಡಿಸಿದರೂ ‘ದ’. ಇಳಿದಷ್ಟೂ ತಳ ಸಿಗದೆ, ಸಾಮಾನ್ಯವಾಗಿ 1000 ಕರೆಗಳ ಮಿತಿ ಮುಟ್ಟಿದಾಗ ಪ್ರೋಗ್ರಾಂ ಕುಸಿಯುತ್ತದೆ. ಪದ ಕಂಡಲ್ಲಿ ಇಳಿಯುವುದನ್ನು ನಿಲ್ಲಿಸಬೇಕು. ತನ್ನನ್ನೇ ಒಳಗಿಟ್ಟುಕೊಂಡ ಪಟ್ಟಿಯದೂ ಇದೇ ಕಥೆ; ಅಲ್ಲಿ ನೋಡಿಯಾದ ಪಟ್ಟಿಗಳ ಗುರುತು ಇಟ್ಟುಕೊಳ್ಳದೆ ವಿಧಿಯಿಲ್ಲ.

ಶ್ರಮದ ಲೆಕ್ಕವೂ ತಿರುವುಮುರುವು. ತುಂಬಿದ ಕಡತದಲ್ಲಿ ಮೊದಲ ಅಂಕಿ ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸಬಹುದು. ಕಡತ ನಿಜಕ್ಕೂ ಖಾಲಿಯಾಗಿದ್ದರೆ ಮಾತ್ರ ಕೊನೆಯ ಪಂಚಾಯಿತಿಯವರೆಗೂ ತಡಕಬೇಕು.