ಉಸಿರಿನ ಬವಣೆಗೆ ಉಪಶಮನ

‘ಉಪಶಮನ ಚಿಕಿತ್ಸೆ’ ಎಂಬ ಮಾತು ಕಿವಿಗೆ ಬಿದ್ದೊಡನೆಯೇ ರೋಗಿಯ ಬಂಧುಗಳ ಮುಖ ಬಾಡುವುದುಂಟು. ವೈದ್ಯರು ಕೈಚೆಲ್ಲಿದರೆಂದೇ ಅವರು ಭಾವಿಸುತ್ತಾರೆ. ಪದದ ಅರ್ಥವಾದರೋ ಬೇರೆ. ಶಮವೆಂದರೆ ಶಾಂತಿ, ಬೇಗೆಯನ್ನು ತಣಿಸುವುದೇ ಉಪಶಮನ. ಇಂಗ್ಲಿಷಿನ ‘ಪ್ಯಾಲಿಯೇಟಿವ್’ ಎಂಬುದೂ ಮೇಲುಹೊದಿಕೆ ಎಂಬರ್ಥದ ‘ಪ್ಯಾಲಿಯಂ’ ಎಂಬ ಲ್ಯಾಟಿನ್ ಶಬ್ದದಿಂದ ಬಂದುದು. ಚಳಿಯಿಂದ ನಡುಗುವವನಿಗೆ ಕಂಬಳಿ ಹೊದಿಸಲು ಅವನ ಕೊನೆಗಾಲ ಬರಲೆಂದು ಯಾರೂ ಕಾಯುವುದಿಲ್ಲ.

ಈ ಆರೈಕೆ ಬೆಳೆದುದು ಬಹುಮಟ್ಟಿಗೆ ಕ್ಯಾನ್ಸರ್ ರೋಗಿಗಳ ಹಾಸಿಗೆಯ ಬಳಿಯಲ್ಲಿ. 1967ರಲ್ಲಿ ಸಿಸಿಲಿ ಸಾಂಡರ್ಸ್ ಅವರು ಲಂಡನ್ನಿನಲ್ಲಿ ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯಧಾಮ ಇದಕ್ಕೆ ದಾರಿತೋರಿತು. ಬೆಂಗಳೂರಿನ ಕರುಣಾಶ್ರಯವೂ ಆ ರೋಗಿಗಳಿಗಾಗಿಯೇ ಸ್ಥಾಪಿತವಾಯಿತು. ಶ್ವಾಸಕೋಶದ ದೀರ್ಘವ್ಯಾಧಿಯಿಂದ ಬಳಲುವವರು ಮಾತ್ರ ಹಿಂದುಳಿದರು.

ವೈದ್ಯರು ಸಿ.ಒ.ಪಿ.ಡಿ. ಎಂದು ಕರೆಯುವ ಈ ವ್ಯಾಧಿಯಲ್ಲಿ ಶ್ವಾಸನಾಳಗಳು ಕಿರಿದಾಗಿ, ಒಳಹೊಕ್ಕ ಗಾಳಿ ಪೂರ್ಣವಾಗಿ ಹೊರಬರದೆ ಎದೆಯಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಬೀಡಿ ಸಿಗರೇಟುಗಳನ್ನು ಸೇದಿದವರಷ್ಟೇ ಅಲ್ಲ, ಹೊಗೆ ಹೊರಹೋಗದ ಅಡುಗೆಮನೆಯಲ್ಲಿ ಸೌದೆ ಕುಳ್ಳುಗಳನ್ನು ಉರಿಸಿ ರೊಟ್ಟಿ ಬಡಿದ ತಾಯಂದಿರೂ ಇದಕ್ಕೆ ತುತ್ತಾಗುತ್ತಾರೆ. ರೋಗ ಉಲ್ಬಣಿಸುತ್ತದೆ, ಆಸ್ಪತ್ರೆಯಲ್ಲಿ ತಗ್ಗುತ್ತದೆ. ಆದರೆ ಪ್ರತಿಸಲವೂ ದೇಹ ಒಂದು ಮೆಟ್ಟಿಲು ಕೆಳಗಿಳಿದಿರುತ್ತದೆ. ಉಪಶಮನಕ್ಕೆ ಇದೇ ಸಮಯವೆಂದು ಬೆರಳಿಟ್ಟು ತೋರಿಸಬಹುದಾದ ದಿನ ಬರುವುದೇ ಇಲ್ಲ. ಆದುದರಿಂದ ಔಷಧೋಪಚಾರದ ಜೊತೆಜೊತೆಯಲ್ಲಿಯೇ, ಬವಣೆ ಕಂಡಾಗಲೇ ಇದು ಮೊದಲಾಗಬೇಕೆಂಬುದು ತಜ್ಞರ ಮತ.

ಪ್ರಾಣವಾಯುವಿನ ಯಂತ್ರಗಳನ್ನು ದಾನವೀಯುವುದು ಸ್ತುತ್ಯ. ಆದರೆ ಅದು ಸರ್ವರಿಗೂ ಮದ್ದಲ್ಲ. ರಕ್ತದಲ್ಲಿ ಪ್ರಾಣವಾಯು ತೀರ ಕಡಿಮೆಯಾದವರಿಗೆ ದಿನಕ್ಕೆ 15 ಗಂಟೆಯಾದರೂ ಕೊಟ್ಟರೆ ಆಯುಸ್ಸು ಹೆಚ್ಚುವುದೆಂದು 1980 ಮತ್ತು 1981ರಲ್ಲಿ ಪ್ರಕಟವಾದ ಪರೀಕ್ಷೆಗಳು ತೋರಿಸಿದವು. ಅಂತಹ ಕೊರತೆಯಿಲ್ಲದವರ ಏದುಸಿರಿಗೆ ಅದು ಸಾಧಾರಣ ಗಾಳಿಗಿಂತ ಹೆಚ್ಚಿನ ಹಿತವನ್ನು ಕೊಡಲಿಲ್ಲವೆಂದು 2010ರ ಪರೀಕ್ಷೆಯೊಂದು ತಿಳಿಸಿತು. (ಯಂತ್ರವಿರುವ ಕೋಣೆಯಲ್ಲಿ ದೀಪ, ಊದುಬತ್ತಿಗಳನ್ನು ಹಚ್ಚಲಾಗದು; ಬೆಂಕಿ ಭುಗಿಲೇಳುತ್ತದೆ.) ಮುಖಕ್ಕೆ ತಂಪಾಗಿ ಬೀಸುವ ಗಾಳಿ ಮಾತ್ರ ಉಸಿರಿನ ಕಷ್ಟವನ್ನು ತಗ್ಗಿಸಬಲ್ಲದು, ಕೆನ್ನೆ, ಮೂಗುಗಳ ನರಗಳು ಆ ಸ್ಪರ್ಶವನ್ನು ಮಿದುಳಿಗೆ ಮುಟ್ಟಿಸುತ್ತವೆ. ನಮ್ಮ ಮನೆಗಳಲ್ಲಿ ಮೂಲೆಗೆ ಬಿದ್ದಿರುವ ಬೀಸಣಿಗೆಗೆ ಇಂತಹ ಶಾಸ್ತ್ರಾಧಾರ ದೊರೆತುದು ಸಂತೋಷದ ಸಂಗತಿ. ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲೂರಿ ಕುಳಿತುಕೊಳ್ಳುವುದು, ಬಿಸಿಹಾಲನ್ನು ಆರಿಸುವಾಗಿನಂತೆ ತುಟಿ ಕಿರಿದುಮಾಡಿ ಮೆಲ್ಲನೆ ಉಸಿರು ಬಿಡುವುದು, ಮಣೆಯ ಬದಲು ಎತ್ತರದ ಸ್ಟೂಲಿನ ಮೇಲೆ ಕುಳಿತು ಸ್ನಾನ ಮಾಡುವುದು, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣ್ಣುವುದು, ಇವೂ ಈ ಆರೈಕೆಯ ಅಂಗಗಳೇ. ಇಷ್ಟರಿಂದಲೂ ಶಮನವಾಗದಿದ್ದರೆ ವೈದ್ಯರು ಅತ್ಯಲ್ಪ ಪ್ರಮಾಣದಲ್ಲಿ ಮಾರ್ಫಿನ್ ಕೊಡುವುದುಂಟು. ಅದರ ಫಲದ ವಿಷಯದಲ್ಲಿ ಪರೀಕ್ಷೆಗಳು ಏಕಮತವಾಗಿಲ್ಲ; ಆದಕಾರಣ ಆಯ್ದ ರೋಗಿಗಳಿಗೆ, ವೈದ್ಯರ ಕಣ್ಣೆದುರಿನಲ್ಲಿ ಮಾತ್ರ.

ಇವೆಲ್ಲಕ್ಕಿಂತ ಕಠಿನವಾದುದು ಮಾತು. ವೆಂಟಿಲೇಟರ್ ಬೇಕೆ ಬೇಡವೆ ಎಂಬ ಪ್ರಶ್ನೆ ನಡುರಾತ್ರಿಯಲ್ಲಿ, ರೋಗಿ ಮಾತನಾಡಲಾರದ ಸ್ಥಿತಿಯಲ್ಲಿ, ಗಾಬರಿಗೊಂಡ ಮಕ್ಕಳ ಮುಂದೆ ಬಂದು ನಿಲ್ಲುತ್ತದೆ. ಉಸಿರು ನೆಟ್ಟಗಿರುವ ದಿನಗಳಲ್ಲಿ ಹಿರಿಯರನ್ನೇ ಕೇಳುವುದು ಅಮಂಗಳವೆಂದು ನಾವು ಸುಮ್ಮನಿರುತ್ತೇವೆ. ಆ ಮೌನದ ಭಾರವನ್ನು ಹೊರುವವರು ಅವರೇ. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಇಚ್ಛೆಯನ್ನು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಮನ್ನಿಸಿತು. 2023ರಲ್ಲಿ ವಿಧಾನವನ್ನು ಸುಲಭಗೊಳಿಸಿದ ಮೇಲೆ ಇಬ್ಬರು ಸಾಕ್ಷಿಗಳ ಸಹಿಯೂ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣವೂ ಇದ್ದರೆ ಸಾಕು.